ಅನುಸೂಯಾ ಗ್ರಾಫಿಕ್ಸಿನ ಹ್ಯಾಂಗು

ಕುಷ್ಟಗಿಯಲ್ಲಿ ಬ್ಯಾನರ್ ಮಾಡಿಸಲು ಒಬ್ಬನೇ ಬಂದ ಗಿರಾಕಿಯನ್ನು ಇದುವರೆಗೂ ಯಾರೂ ಕಂಡಿಲ್ಲ. ಕಡಿಮೆಯೆಂದರೆ ಮೂವರು ಬೇಕು. ಒಬ್ಬ ಮೊಬೈಲಿನಿಂದ ಫೋಟೋ ಕಳಿಸುವವನು, ಇನ್ನೊಬ್ಬ ಯಾರ ಮುಖ ಯಾರ ಪಕ್ಕಕ್ಕೆ ಬರಬಾರದು ಎಂದು ಹೇಳುವವನು, ಮತ್ತೊಬ್ಬ ಸುಮ್ಮನೆ ಕೂತು ‘ಇನ್ನೊಂದೀಟು ಬೆಳ್ಳಗ ಮಾಡ್ರಿ’ ಎನ್ನುವವನು. ಅದಕ್ಕೇ ಅನುಸೂಯಾ ತನ್ನ ಅಂಗಡಿ ತೆರೆದಾಗ ಕಂಪ್ಯೂಟರಿಗಿಂತ ಮೊದಲು ಬೆಂಚು ಮಾಡಿಸಿದಳು. ಬೆಂಚು ಇದ್ದದ್ದು ಅವಳ ಕುರ್ಚಿಯ ಹಿಂದೆಯೇ, ಮಾರು ದೂರವೂ ಇಲ್ಲ. ಕೂತವರ ಎಲೆಅಡಿಕೆಯ ವಾಸನೆ ಅವಳ ಹೆಗಲ ಮೇಲಿಂದ ಹಾದು ಪರದೆಗೆ ಹೋಗಿ ಬಡಿಯುತ್ತಿತ್ತು. ಈ ಊರಿನಲ್ಲಿ ಡಿಸೈನ್ ಎಂದರೆ ಇಷ್ಟೇ ನೋಡಿ: ಕೈ ಡಿಸೈನರದು, ತೋರುಬೆರಳು ಗಿರಾಕಿಯದು.

ಅದಕ್ಕೂ ಮುಂಚೆ ಹನ್ನೊಂದು ವರ್ಷ ಅವಳು ಕೊಪ್ಪಳದ ಒಂದು ಅಂಗಡಿಯಲ್ಲಿ ದುಡಿದಿದ್ದಳು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಕತ್ತಲಾಗುವಾಗ ಇಳಿದು ಬರುವುದು. ಅವಳು ಮಾಡಿದ ಪ್ರತಿ ಬ್ಯಾನರಿನ ಕೆಳಮೂಲೆಯಲ್ಲಿ ಮಾಲೀಕನ ಹೆಸರು, ಮಾಲೀಕನ ಫೋನ್ ನಂಬರು. ಯಾರಾದರೂ ಯಾರು ಮಾಡಿದ್ದು ಎಂದು ಕೇಳಿದರೆ ಅವನು ‘ನಮ್ಮ ಹುಡುಗಿ ಮಾಡ್ತಾಳ್ರಿ’ ಅನ್ನುತ್ತಿದ್ದ. ಹುಡುಗಿಗೆ ಆಗ ಮೂವತ್ತಮೂರು ವರ್ಷ, ಇಬ್ಬರು ಮಕ್ಕಳು. ಒಂದು ದಿನ ಆ ‘ಹುಡುಗಿ’ ಕೇಳಿ ಕೇಳಿ ಸಾಕಾಗಿ, ಇದ್ದಬದ್ದದ್ದನ್ನೆಲ್ಲ ಸೇರಿಸಿ ಕುಷ್ಟಗಿ ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಒಂದು ಶಟರಿನ ಅಂಗಡಿ ಬಾಡಿಗೆಗೆ ಹಿಡಿದಳು. ಮೇಲೆ ಬೋರ್ಡು: ಅನುಸೂಯಾ ಗ್ರಾಫಿಕ್ಸ್.

ಅವಳ ಗಂಡ ರಾಮಾಂಜನೇಯ ತಾಲ್ಲೂಕು ಕಚೇರಿಯಲ್ಲಿ ಜವಾನ. ಒಳ್ಳೆಯ ಮನುಷ್ಯ. ಮೂರು ವರ್ಷ ಹೇಗೋ ನಡೆದ ಅಂಗಡಿ ಈ ಮಳೆಗಾಲಕ್ಕೆ ನೆಲ ಹಿಡಿದಾಗ ಅವನು ಒಂದೇ ಮಾತು ಹೇಳಿದ: “ದೀಪಾವಳಿ ತನಕ ನೋಡೂಣು. ನಿಲ್ಲಲಿಲ್ಲ ಅಂದ್ರ ಮತ್ತ ಕೊಪ್ಪಳದ ಬಸ್ಸ ಹತ್ತು. ಅವರೇನು ಬ್ಯಾಡ ಅನ್ನೂದಿಲ್ಲ.” ಬೈದು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಹೇಳಿದ್ದು ಮೆತ್ತಗೆ.

ಅಂಗಡಿ ನೆಲ ಹಿಡಿಯಲು ಕಾರಣ ಒಂದು ವೈರಸ್ಸು. ಅವಳ ಕಂಪ್ಯೂಟರಿನಲ್ಲಿದ್ದ ಡಿಸೈನ್ ಸಾಫ್ಟ್‌ವೇರ್ ಎಲ್ಲರ ಅಂಗಡಿಯಲ್ಲೂ ಇರುವಂಥದೇ. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹಾರುತ್ತ ಬಂದ ಕದ್ದ ಮಾಲು. ಅದನ್ನು ಹಾಕುವಾಗ ಮೊದಲು ಆಂಟಿವೈರಸ್ಸನ್ನು ಬಂದ್ ಮಾಡಬೇಕು ಎಂಬುದು ನಿಯಮ. ಮನೆಗೆ ಕಳ್ಳನನ್ನು ಕರೆಯುವ ಮುಂಚೆ ನಾಯಿಯನ್ನು ಕಟ್ಟಿಹಾಕಿದ ಹಾಗೆ. ಇಡೀ ಜಿಲ್ಲೆ ಹೀಗೆ ನಾಯಿ ಕಟ್ಟಿಹಾಕಿಯೇ ಹುಟ್ಟುಹಬ್ಬದ ಶುಭಾಶಯ ಕೋರುತ್ತಿತ್ತು. ಜೂನ್ ತಿಂಗಳ ಒಂದು ಬೆಳಿಗ್ಗೆ ಅನುಸೂಯಾ ಕಂಪ್ಯೂಟರ್ ತೆರೆದರೆ ಮೂರು ವರ್ಷದ ಫೈಲುಗಳೆಲ್ಲ ಬೀಗ ಬಿದ್ದು ಕೂತಿದ್ದವು. ನಡುವೆ ಇಂಗ್ಲಿಷಿನಲ್ಲಿ ಒಂದು ಬೆದರಿಕೆ ಪತ್ರ ಬೇರೆ.

ಅವಳು ಅಳುತ್ತ ಹೋದದ್ದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸುವ ನಾಹೀದಾ ಮೇಡಂ ಹತ್ತಿರ. ನಾಹೀದಾ ಎಲ್ಲವನ್ನೂ ಒರೆಸಿ ಹಾಕಿ ಕಂಪ್ಯೂಟರ್ ನಡೆಸಲು ಲಿನಕ್ಸ್ ಎಂಬ ಹೊಸ ವ್ಯವಸ್ಥೆ ಹಾಕಿಕೊಟ್ಟಳು. ಜೊತೆಗೆ ಗೆರೆಯ ಕೆಲಸಕ್ಕೆ ಇಂಕ್‌ಸ್ಕೇಪ್, ಫೋಟೋ ಕೆಲಸಕ್ಕೆ ಗಿಂಪ್, ಪ್ರಿಂಟಿಗೆ ಕಳಿಸಲು ಸ್ಕ್ರೈಬಸ್. “ಇದೆಲ್ಲಾ ಪುಕ್ಕಟೆ ಐತಿ, ಆದ್ರ ಕದ್ದಿದ್ದಲ್ಲ. ಪ್ರಪಂಚದಾಗ ಸಾವಿರಾರು ಮಂದಿ ಕೂಡಿ ಮಾಡ್ಯಾರ, ಯಾರು ಬೇಕಾದ್ರೂ ಬಳಸಬಹುದು” ಅಂದಳು.

ಕೈ ತಿರುಗಲು ಎರಡು ತಿಂಗಳು ಹಿಡಿಯಿತು. ಹನ್ನೊಂದು ವರ್ಷ ಬೆರಳಿಗೆ ಅಂಟಿದ ಅಭ್ಯಾಸ ಎಲ್ಲಿಗೆ ಹೋದೀತು? ಒಂದು ಕೀ ಒತ್ತಿದರೆ ಇನ್ನೇನೋ ಆಗುತ್ತಿತ್ತು. ಮೊದಮೊದಲು ನಾಹೀದಾಳನ್ನೂ, ಆ ಸಾವಿರಾರು ಮಂದಿಯನ್ನೂ, ಅವರ ಮನೆತನವನ್ನೂ ಸೇರಿಸಿ ಬೈದಳು. ಆಮೇಲಾಮೇಲೆ ಬೈಗುಳ ಕಡಿಮೆಯಾಯಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಅವಳ ಕೈ ಎಷ್ಟು ಸಲೀಸಾಯಿತೆಂದರೆ, ಹಳೆಯ ಸಾಫ್ಟ್‌ವೇರಿನಲ್ಲಿ ಒಂದೂವರೆ ತಾಸು ತಿನ್ನುತ್ತಿದ್ದ ಬ್ಯಾನರು ಈಗ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಕಂಪ್ಯೂಟರ್ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಫ್ಲೆಕ್ಸ್ ಮಷಿನ್ ಇಟ್ಟಿದ್ದ ಚಾಂದಸಾಬ ಮೊದಲು “ಅದೆಂಥಾ ಫೈಲ್ ತಂಗಿ, ನನ್ನ ಮಷಿನ್ ತಿಂತೈತೋ ಇಲ್ಲೋ” ಎಂದು ಗೊಣಗಿದ. ಪಿಡಿಎಫ್ ಕಳಿಸಿದಾಗ ಮಷಿನ್ ಚಕಾರವೆತ್ತದೆ ತಿಂದಿತು.

ಎಲ್ಲ ಛಲೋ ಆಯಿತು ಅಂತೀರಾ? ಅಲ್ಲೇ ಕೆಟ್ಟಿತು.

ಕೆಟ್ಟದ್ದು ಹೇಗೆಂದರೆ, ದುರಗಪ್ಪ ಎಂಬ ಕಂಡಕ್ಟರ್ ತನ್ನ ಮನೆಯ ಗೃಹಪ್ರವೇಶಕ್ಕೆ ಬ್ಯಾನರ್ ಮಾಡಿಸಲು ಅಣ್ಣತಮ್ಮಂದಿರ ಸಮೇತ ಬಂದ. ಬೆಂಚು ತುಂಬಿತು. ಅವರು ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಅನುಸೂಯಾ ಕಳಸ, ತೋರಣ, ಮನೆ, ಹದಿನಾಲ್ಕು ಮುಖ ಎಲ್ಲವನ್ನೂ ಕೂರಿಸಿ ಮುಗಿಸಿ, ಹೊರಳಿ ನೋಡಿ ನಕ್ಕಳು. ಬೆಂಚಿನ ಮೇಲೆ ಯಾರೂ ನಗಲಿಲ್ಲ.

“ಇಷ್ಟ ಏನ್ರಿ?” ಅಂದ ದುರಗಪ್ಪ.

“ಮುಗೀತ್ರಿ. ಛಂದ ಬಂದೈತಲ್ಲ?”

“ಛಂದ ಐತಿ. ಆದ್ರ ಮನಿ ಕಟ್ಟಾಕ ನನಗ ಆರು ವರ್ಷ ಹಿಡದೈತಿ. ನೀವು ಐದು ನಿಮಿಷದಾಗ ತೇಲಿಸಿಬಿಟ್ರಿ.”

ಎದ್ದು ಹೋದ. ಗಂಗಾವತಿಯ ಅಂಗಡಿಯೊಂದರಲ್ಲಿ ಇಡೀ ದಿನ ಕೂತು ಮಾಡಿಸಿಕೊಂಡು ಬಂದ. ಅದರಲ್ಲಿ ಅವನ ಹೆಂಡತಿಯ ಮುಖ ನೀಲಿಯಾಗಿತ್ತು. ಆದರೂ ಅವನು ಬಸ್ಸಿನಲ್ಲಿ ಟಿಕೆಟ್ ಕೊಡುತ್ತ ಕಂಡಕಂಡವರಿಗೆಲ್ಲ “ಮುಂಜಾನಿ ಕುಂತೀನಿ, ಸಂಜಿಕ ಎದ್ದೀನಿ. ನಾಲ್ಕು ಸಲ ಹ್ಯಾಂಗ್ ಆತು. ಭಾರೀ ಕೆಲಸ!” ಎಂದು ಹೇಳಿದನಂತೆ.

ಹಾಂ, ಹ್ಯಾಂಗು. ಈ ಜನಕ್ಕೆ ಕಂಪ್ಯೂಟರ್ ಕೆಲಸದ ತೂಕ ಗೊತ್ತಾಗುವುದು ಅದು ಸ್ತಬ್ಧವಾಗಿ ನಿಂತಾಗಲೇ. ಪರದೆ ಗಟ್ಟಿಯಾಗಬೇಕು, ಡಿಸೈನರ್ ಎರಡೂ ಕೈ ಮೇಲೆತ್ತಿ ‘ಮುಟ್ಟಬ್ಯಾಡ್ರಿ’ ಅನ್ನಬೇಕು, ಗಿರಾಕಿ ಹೊರಗೆ ಹೋಗಿ ಚಹಾ ಕುಡಿದು ಬರಬೇಕು. ಆಗ ಅವನಿಗೆ ಸಮಾಧಾನ. ಕದ್ದ ಸಾಫ್ಟ್‌ವೇರು ಇಪ್ಪತ್ತು ವರ್ಷ ಕಾಲಕಾಲಕ್ಕೆ ಕೆಟ್ಟು ಕೆಟ್ಟು ಜನರಿಗೆ ಇಂಥ ಒಂದು ನಂಬಿಕೆ ಕಲಿಸಿಬಿಟ್ಟಿತ್ತು. ಅನುಸೂಯಾಳ ಲಿನಕ್ಸು ಕೆಡುತ್ತಿರಲಿಲ್ಲ. ಅವಳ ಪಾಡು ಕೆಟ್ಟಿತು.

ಸೆಪ್ಟೆಂಬರಿನಲ್ಲಿ ದಾಳಿಂಬೆ ಬೆಳೆಗಾರರ ಸಂಘದ ಅಧ್ಯಕ್ಷ ಅಮರಪ್ಪನವರು ಬಂದರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಹಿಂದೆ ಉಪಾಧ್ಯಕ್ಷ ಸಣ್ಣಪ್ಪ. ಸಣ್ಣಪ್ಪನ ಕೆಲಸ ಹೌದು ಅನ್ನುವುದು ಮತ್ತು ಕೂತಲ್ಲಿ ನಿದ್ದೆ ಮಾಡುವುದು. ಸಂಘದ ಹಣ್ಣು ಇನ್ನು ಮುಂದೆ ಸ್ವಂತ ಹೆಸರಿನ ಪೆಟ್ಟಿಗೆಯಲ್ಲಿ ಹೋಗಬೇಕು, ಆ ಪೆಟ್ಟಿಗೆಗೆ ಡಿಸೈನ್ ಬೇಕು. ದೊಡ್ಡ ಪೆಟ್ಟಿಗೆ, ಸಣ್ಣ ಪೆಟ್ಟಿಗೆ, ಹಣ್ಣಿಗೆ ಅಂಟಿಸುವ ಚೀಟಿ, ಲಾರಿಗೆ ಕಟ್ಟುವ ಬ್ಯಾನರು. ಒಟ್ಟು ವರ್ಷಪೂರ್ತಿ ಕೆಲಸ. ಇದು ಸಿಕ್ಕರೆ ಕೊಪ್ಪಳದ ಬಸ್ಸು ಅದರ ಪಾಡಿಗೆ ಅದು ಹೋಗಲಿ ಎಂದು ಅನುಸೂಯಾ ಅಂದುಕೊಂಡಳು.

“ಹೊರದೇಶಕ್ಕ ಹೋಗೂ ಮಾಲು ಇದು. ಪ್ರೊಫೆಷನಲ್ ಸಾಫ್ಟ್‌ವೇರಿನಾಗ ಆಗ್ಬೇಕು ನೋಡವಾ” ಅಂದರು ಅಮರಪ್ಪ. “ನಿನ್ನ ಕಡಿ ಯಾವುದೈತಿ?”

ಅನುಸೂಯಾ ನಿಜ ಹೇಳಿದಳು. ಲಿನಕ್ಸ್, ಇಂಕ್‌ಸ್ಕೇಪ್, ಸಾವಿರಾರು ಮಂದಿ, ಎಲ್ಲ. ಅಮರಪ್ಪ ಗಂಭೀರವಾಗಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಪುಕ್ಕಟೆ ಏನು?”

“ಹೌದ್ರಿ ಕಾಕಾರ.”

“ಕದ್ದಿದ್ದು ಸೈತ ಅಲ್ಲ?”

“ಅಲ್ರಿ.”

ಅವರ ಮುಖ ಬಾಡಿತು. ಕದ್ದದ್ದಾಗಿದ್ದರೆ ಬೆಲೆ ಇದ್ದದ್ದೆಂದಾದರೂ ಅರ್ಥವಾಗುತ್ತಿತ್ತು. ಕದಿಯಲೂ ಬೇಡ ಎನ್ನುವಂಥ ವಸ್ತುವಿನಲ್ಲಿ ಎಂಥ ಸತ್ವ ಇದ್ದೀತು? “ನೋಡೂಣು” ಎಂದು ಹೊರಟರು. ಸಣ್ಣಪ್ಪ ಎಚ್ಚರವಾಗಿ “ಹೌದ್ರಿ” ಅಂದ.

ಅನುಸೂಯಾಳನ್ನು ಕಾಪಾಡಿದ್ದು ಅವಳ ಜಾಣತನವಲ್ಲ, ಅವಳದೇ ಒಂದು ತಪ್ಪು. ಯಲಬುರ್ಗಾ ಕಡೆಯವರೊಬ್ಬರು ಮದುವೆಯ ಬ್ಯಾನರಿಗೆ ಬಂದಿದ್ದಾಗ ಅವಳು ಗಡಿಬಿಡಿಯಲ್ಲಿ ಒಂದು ರಂಗಿನ ಎಫೆಕ್ಟನ್ನು ಇಡೀ ಬ್ಯಾನರಿಗೆ ಹಾಕಿಬಿಟ್ಟಳು. ಲೆಕ್ಕ ಹಾಕುತ್ತ ಹಾಕುತ್ತ ಕಂಪ್ಯೂಟರ್ ಮೊದಲ ಸಲ ನಿಂತಿತು. ಫ್ಯಾನು ಭರ್ ಎಂದು ಕೂಗಿತು. ಅವಳು ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ಹಿಂದೆ ಬೆಂಚಿನಿಂದ ವರನ ಸೋದರಮಾವ ಎದ್ದು ಹೋಗಿ ತಾನೇ ಎಲ್ಲರಿಗೂ ಚಹಾ ತಂದ. ಮೊದಲ ಲೋಟ ಅನುಸೂಯಾಳ ಕೈಗೆ ಕೊಟ್ಟು, “ತಗೋರಿ ಅಕ್ಕಾರ, ಭಾಳ ತ್ರಾಸಿನ ಕೆಲಸ ನಿಮ್ಮದು” ಅಂದ. ಮೂರು ವರ್ಷದಲ್ಲಿ ಯಾರೂ ಅವಳಿಗೆ ಹಾಗೆ ಅಂದಿರಲಿಲ್ಲ. ಅವಳಿಗೆ ಖುಷಿಯಾಯಿತು, ಹಿಂದೆಯೇ ಸಿಟ್ಟೂ ಬಂತು. ಚೆನ್ನಾಗಿ ಮಾಡಿದ್ದಕ್ಕೆ ಬಯ್ಯಿಸಿಕೊಂಡವಳು ಎಡವಿದ್ದಕ್ಕೆ ಚಹಾ ಕುಡಿಯುತ್ತಿದ್ದಳು.

ಮಾರನೆಯ ದಿನವೇ ನಾಹೀದಾಳ ಹತ್ತಿರ ಹೋದಳು. “ಮೇಡಂ, ನನಗ ಒಂದು ಹ್ಯಾಂಗ್ ಮಾಡಿಕೊಡ್ರಿ.”

ನಾಹೀದಾ ಮೊದಲು ನಕ್ಕಳು, ಆಮೇಲೆ ಬೈದಳು, “ತೋಬಾ ತೋಬಾ, ಮಂದಿ ಹ್ಯಾಂಗ್ ಬ್ಯಾಡ ಅಂತ ಲಿನಕ್ಸ್‌ಗೆ ಬರ್ತಾರ, ನೀ ಏನವಾ!” ಅಂದಳು. ಕೊನೆಗೆ ಮಾಡಿಕೊಟ್ಟಳು. ಅದೊಂದು ಪುಟ್ಟ ಪ್ರೋಗ್ರಾಂ. ಎಫ್ ಹನ್ನೆರಡು ಒತ್ತಿದರೆ ಸಾಕು, ಪರದೆಯ ಕೆಳಗೆ ಕಪ್ಪು ಪಟ್ಟಿ ಬರುತ್ತಿತ್ತು: ‘ಪ್ರೊಫೆಷನಲ್ ರೆಂಡರಿಂಗ್ ನಡೆಯುತ್ತಿದೆ. ದಯವಿಟ್ಟು ಮುಟ್ಟಬೇಡಿ.’ ಪಕ್ಕದಲ್ಲಿ ಪರ್ಸೆಂಟು ನಿಧಾನಕ್ಕೆ ಏರುತ್ತಿತ್ತು. ಫ್ಯಾನು ಕೂಗಲೆಂದು ಒಳಗೆ ಸುಮ್ಮನೆ ಕಂಪ್ಯೂಟರಿನ ತಲೆ ತಿನ್ನುವ ಲೆಕ್ಕವೊಂದು ಓಡುತ್ತಿತ್ತು. ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಅನುಸೂಯಾ ಮೊದಲೇ ಬರೆದು ಇಡಬಹುದಿತ್ತು.

ಒಂದು ತಿಂಗಳಲ್ಲಿ ಅವಳು ಈ ವಿದ್ಯೆಯಲ್ಲಿ ಪಳಗಿದಳು. ಮಗುವಿನ ಹುಟ್ಟುಹಬ್ಬಕ್ಕೆ ಇಪ್ಪತ್ತು ನಿಮಿಷ ಸಾಕು. ಮದುವೆಗೆ ಮುಕ್ಕಾಲು ತಾಸು. ಗ್ರಾಮ ಪಂಚಾಯ್ತಿ ಸದಸ್ಯರಿಗೆ ಒಂದು ತಾಸಿಗಿಂತ ಕಡಿಮೆ ಮಾಡಿದರೆ ಮುನಿಸು. ಪಟ್ಟಿ ತೊಂಬತ್ತೊಂಬತ್ತು ಪರ್ಸೆಂಟಿಗೆ ಬಂದು ಅಲ್ಲೇ ನಿಲ್ಲಬೇಕು. ಅಲ್ಲಿ ನಿಂತಷ್ಟೂ ಬೆಂಚಿನ ನಂಬಿಕೆ ಗಟ್ಟಿ. ಅವಳು ನಿಜವಾದ ಕೆಲಸವನ್ನು ಗಿರಾಕಿ ಬರುವ ಮುಂಚೆಯೇ ಫೋನಿನಲ್ಲಿ ಕೇಳಿಕೊಂಡು ಮುಗಿಸಿರುತ್ತಿದ್ದಳು. ಅವರು ಬಂದ ಮೇಲೆ ಅಲ್ಲೊಂದು ಹೂವು ಸರಿಸಿ, ಇಲ್ಲೊಂದು ಮುಖ ಬೆಳ್ಳಗೆ ಮಾಡಿ, ನಿಟ್ಟುಸಿರು ಬಿಟ್ಟು ಎಫ್ ಹನ್ನೆರಡು ಒತ್ತುತ್ತಿದ್ದಳು. ಕೊಪ್ಪಳ, ಹಿಟ್ನಾಳದಿಂದಲೂ ಮಂದಿ ಬರತೊಡಗಿದರು. ‘ಕುಷ್ಟಗ್ಯಾಗ ಒಬ್ರು ಅಕ್ಕಾರದಾರ, ಅವರ ಕಂಪ್ಯೂಟರ್ ಗಂಗಾವತಿದಕ್ಕಿಂತ ಹೆಚ್ಚು ಹ್ಯಾಂಗ್ ಆಗ್ತೈತಿ’ ಎಂದು ಸುದ್ದಿ ಹಬ್ಬಿತು.

ಸುದ್ದಿ ಅಮರಪ್ಪನವರ ಕಿವಿಗೂ ಬಿತ್ತು. ಅಕ್ಟೋಬರಿನಲ್ಲಿ, ದೀಪಾವಳಿಗೆ ಒಂಬತ್ತು ದಿನ ಇರುವಾಗ, ಅವರು ಮತ್ತೆ ಬಂದರು. “ಮಾದರಿ ಒಂದು ಮಾಡಿ ತೋರಸು. ನನ್ನ ಮನಸಿಗೆ ಬಂದ್ರ ನಾಳೆ ಕಮಿಟಿಯವರನ್ನ ಕರಕೊಂಡು ಬರ್ತೀನಿ. ಇಲ್ಲಂದ್ರ ಗಂಗಾವತಿಯವರು ಕಾದು ಕುಂತಾರ.”

ಬರುತ್ತೇನೆಂದು ಅವರು ಮೊದಲೇ ಫೋನ್ ಮಾಡಿದ್ದರಿಂದ ಪೆಟ್ಟಿಗೆ ಹಿಂದಿನ ದಿನವೇ ತಯಾರಾಗಿತ್ತು. ಅನುಸೂಯಾ ಅದನ್ನು ನಿಜವಾಗಿಯೂ ಮನಸ್ಸಿಟ್ಟು ಮಾಡಿದ್ದಳು. ಒಡೆದ ದಾಳಿಂಬೆ, ಒಂದೊಂದು ಕಾಳಿನ ಒಳಗೂ ಬೆಳಕು, ಹಿಂದೆ ಕೆಮ್ಮಣ್ಣಿನ ಬಣ್ಣ. ಬದಿಯಲ್ಲಿ ಅಧ್ಯಕ್ಷರ ಫೋಟೋ. “ನನ್ನ ಮುಖ ಹಣ್ಣಿಗಿಂತ ದೊಡ್ಡದು ಬ್ಯಾಡ, ಸಣ್ಣದೂ ಬ್ಯಾಡ” ಎಂದು ಅವರು ಫೋನಿನಲ್ಲೇ ಹೇಳಿದ್ದರು. ಸಮ ಮಾಡಿದ್ದಳು. ಅಮರಪ್ಪ ಬೆಂಚಿನ ಮೇಲೆ ಕೂತು ಹತ್ತು ನಿಮಿಷ ಬೆರಳು ತೋರಿಸಿದರು. ಸಣ್ಣಪ್ಪ ಗೋಡೆಗೆ ಒರಗಿ ನಿದ್ದೆ ಹೋದ. ಅನುಸೂಯಾ ಎರಡು ತಾಸಿನ ಹ್ಯಾಂಗು ಇಟ್ಟು ಎಫ್ ಹನ್ನೆರಡು ಒತ್ತಿದಳು. ಆಗ ಮಧ್ಯಾಹ್ನ ಒಂದು ಗಂಟೆ. ಅಮರಪ್ಪ ಏರುವ ಪರ್ಸೆಂಟನ್ನು ನೋಡುತ್ತ, “ಹಾಂ, ಇದು ಕೆಲಸ” ಎಂದು ಮೀಸೆ ತೀಡಿಕೊಂಡರು.

ಮೂವತ್ತೊಂದು ಪರ್ಸೆಂಟ್ ಆಗಿದ್ದಾಗ ಒಬ್ಬನೇ ಒಬ್ಬ ಒಳಗೆ ಬಂದ. ಬಟ್ಟೆಯೆಲ್ಲ ಧೂಳು, ಕಣ್ಣು ಕೆಂಪು. ಬೆಂಚಿನ ಕಡೆ ನೋಡಲೂ ಇಲ್ಲ.

“ಅಕ್ಕಾರ, ನಾನು ನಿಡಶೇಸಿ ಊರಿನ ಹನಮೇಶ ರಿ. ನಮ್ಮವ್ವ ಹೋದಳ್ರಿ, ನಸಿಕಿನ್ಯಾಗ. ನಾಲ್ಕಕ್ಕ ಮಣ್ಣು. ಒಂದು ಬ್ಯಾನರ್ ಆಗ್ಬೇಕಾಗಿತ್ರಿ.”

ಈಗ ಇಲ್ಲಿ ಹೆಣ ಮಣ್ಣಿಗಿಡುವ ಮುಂಚೆ ಬ್ಯಾನರ್ ನಿಲ್ಲಲೇಬೇಕು. ದೂರದಿಂದ ಬಂದ ಬೀಗರು ಅದನ್ನು ನೋಡಿಯೇ ಓಣಿ ಹಿಡಿಯುತ್ತಾರೆ. ಕೂಲಿನಾಲಿ ಮಾಡಿದ ಮುದುಕಿಗೂ ಆ ಒಂದು ದಿನ ತನ್ನ ಮುಖ ಊರ ಮುಂದೆ ದೊಡ್ಡದಾಗಿ ನಿಲ್ಲುವ ಹಕ್ಕಿದೆ. ಅನುಸೂಯಾ ತಕ್ಷಣ ಫ್ಲೆಕ್ಸ್ ಮಷಿನಿನ ಚಾಂದಸಾಬನಿಗೆ ಫೋನ್ ಮಾಡಿದಳು. “ಎರಡೂಕಾಲಿಗೆ ಕರೆಂಟ್ ತಗೀತಾರ ತಂಗಿ, ಲೈನಿನ ಕೆಲಸ ಐತಂತ. ಎರಡರೊಳಗ ಕಳಿಸಿದ್ರ ಆತು, ಇಲ್ಲಂದ್ರ ಸಂಜಿಕ” ಅಂದ ಅವನು.

ಗಡಿಯಾರದಲ್ಲಿ ಒಂದು ನಲವತ್ತು. ಪಟ್ಟಿಯಲ್ಲಿ ಮೂವತ್ಮೂರು ಪರ್ಸೆಂಟ್. ಇನ್ನೂ ಒಂದು ತಾಸು ಇಪ್ಪತ್ತು ನಿಮಿಷ ‘ಮುಟ್ಟಬೇಡಿ’.

ಬೇರೆ ಕಂಪ್ಯೂಟರ್ ಇಲ್ಲ. ಹ್ಯಾಂಗು ತೆಗೆದರೂ, ಅದರ ಮೇಲೆಯೇ ಕೆಲಸ ಮಾಡಿದರೂ ಅದು ಹ್ಯಾಂಗೇ ಅಲ್ಲವೆಂದು ಅಮರಪ್ಪನವರಿಗೆ ಗೊತ್ತಾಗುತ್ತದೆ. ಪೆಟ್ಟಿಗೆ ಹೋಗುತ್ತದೆ, ವರ್ಷದ ಕೆಲಸ ಹೋಗುತ್ತದೆ, ಒಂಬತ್ತು ದಿನಕ್ಕೆ ಕೊಪ್ಪಳದ ಬಸ್ಸು. ‘ನಮ್ಮ ಹುಡುಗಿ ಮಾಡ್ತಾಳ್ರಿ.’ ತೆಗೆಯದಿದ್ದರೆ ಮುದುಕಿ ಮುಖವಿಲ್ಲದೆ ಮಣ್ಣಿಗೆ ಹೋಗುತ್ತಾಳೆ. ಅನುಸೂಯಾಳಿಗೆ ಅಮರಪ್ಪನ ಮೇಲೆ, ದುರಗಪ್ಪನ ಮೇಲೆ, ಚಹಾ ತಂದ ಸೋದರಮಾವನ ಮೇಲೆ, ಎಲ್ಲರಿಗಿಂತ ಹೆಚ್ಚು ತನ್ನ ಮೇಲೆ ಸಿಟ್ಟು ಬಂತು. “ಹಾಳಾಗಿ ಹೋಗ್ಲಿ” ಎಂದು ಗಟ್ಟಿಯಾಗಿಯೇ ಅಂದು ಎಸ್ಕೇಪ್ ಒತ್ತಿದಳು.

ಪಟ್ಟಿ ಮಾಯ. ಫ್ಯಾನು ಗಪ್ಪಾಯಿತು. ಪೆಟ್ಟಿಗೆ ಪರದೆಯ ಮೇಲೆ ಸಂಪೂರ್ಣವಾಗಿ, ಥಳಥಳ ಹೊಳೆಯುತ್ತ ನಿಂತಿತ್ತು. ಹಿಂದೆ ಬೆಂಚು ಕಿರುಗುಟ್ಟಿದ್ದು ಕೇಳಿಸಿತು. ಅವಳು ಹೊರಳಿ ನೋಡಲಿಲ್ಲ.

“ಫೋಟೋ ಕಳಸಪಾ.”

ಅವನ ತಾಯಿ ಹನುಮಂತಮ್ಮನ ಫೋಟೋ ಎಂದು ಇದ್ದದ್ದು ಒಂದೇ, ಮೊಮ್ಮಗಳ ಮದುವೆಯ ಗುಂಪಿನದು. ಅನುಸೂಯಾ ಮುದುಕಿಯ ಸುತ್ತ ಗೆರೆ ಎಳೆದಳು, ಉಳಿದವರನ್ನು ಮರೆ ಮಾಡಿದಳು. ಹೆಗಲ ಮೇಲೆ ಯಾರದೋ ಕೈ ಇತ್ತು. ಅದನ್ನೂ ಮರೆ ಮಾಡಿ, ಆ ಜಾಗಕ್ಕೆ ಸೀರೆಯ ಬಣ್ಣ ತುಂಬಿದಳು. ನೆರಳು ತಿದ್ದಿದಳು. ಹೆಸರು, ವಯಸ್ಸು, ದುಃಖತಪ್ತ ಕುಟುಂಬ, ಎರಡು ದೀಪ, ಸುತ್ತ ಮಲ್ಲಿಗೆ ಸರ. ಬೆರಳುಗಳು ತಾವಾಗಿ ಓಡಿದವು. ಒಂದು ನಲವತ್ತೊಂಬತ್ತಕ್ಕೆ ಮುಗಿಸಿ ಕೈ ಒರೆಸಿಕೊಂಡಳು.

ಹನಮೇಶ ಪರದೆ ನೋಡಿದ, ಅವಳನ್ನು ನೋಡಿದ.

“ಆತೇನ್ರಿ ಅಕ್ಕಾರ?”

“ಆತಪಾ.”

“ಇಷ್ಟನ?” ಅಂದ. “ಎಪ್ಪತ್ತೆರಡು ವರ್ಷ ಬದುಕಿದಾಕಿ ರಿ ನಮ್ಮವ್ವ. ನಮ್ಮ ಪಂಚಾಯ್ತಿ ಮೆಂಬರ್ ಹುಟ್ಟಿದಹಬ್ಬಕ್ಕ ನೀವು ಒಂದು ತಾಸು ಕುಂತು ಮಾಡಿದ್ರಿ, ನಾನೂ ಇದ್ದೆ ಅವತ್ತು. ಬಡವರ ಮನಿ ಹೆಣ ಅಂತ ಹಗುರ ಮಾಡಿಬಿಟ್ರೇನ್ರಿ?”

ಅನುಸೂಯಾಳಿಗೆ ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು. ಯಾರಿಗಾಗಿ ವರ್ಷದ ಅನ್ನ ಕಳೆದುಕೊಂಡಳೋ ಅವನೇ ಹೀಗಂದ. ಅವನದಾದರೂ ಏನು ತಪ್ಪು? ತಾಸುಗಳನ್ನು ತೂಗಿ ತೂಗಿ ಊರಿಗೆ ಹಂಚಿದವಳು ಅವಳೇ. ಮುಖ ತೋರಿಸಲಾಗದೆ ಪರದೆಗೆ ತಿರುಗಿದಳು. ಕರೆಂಟ್ ಹೋಗಲು ಇನ್ನೂ ಹೊತ್ತಿತ್ತು. ಹತ್ತು ನಿಮಿಷ ಎಂದು ಬರೆದು ಎಫ್ ಹನ್ನೆರಡು ಒತ್ತಿದಳು.

“ಎಲ್ಲಿ ಮುಗೀತಪಾ? ರೆಂಡರಿಂಗ್ ಉಳದೈತಿ. ಕುಂದ್ರು.”

ಹೇಳಿದ ಮೇಲೆ ಅವಳಿಗೆ ನೆನಪಾಯಿತು. ಹಿಂದೆ ಅಮರಪ್ಪ ಇದ್ದರು. ಅವರ ಒಂದು ಮಾತು ಸಾಕಿತ್ತು. ಅವರು ಮೆಲ್ಲಗೆ ಸರಿದು ಬೆಂಚಿನ ಮೇಲೆ ಜಾಗ ಮಾಡಿದರು. “ಕುಂದ್ರು ತಮ್ಮಾ. ದೊಡ್ಡ ಕೆಲಸ ಇದು, ಹೊತ್ತ ಹಿಡೀತೈತಿ” ಅಂದರು.

ಹನಮೇಶ ಕೂತ. ನಸುಕಿನಿಂದ ಚಟ್ಟ, ಕುಣಿ, ಬೀಗರಿಗೆ ಫೋನು ಎಂದು ಓಡಾಡಿದ ಮನುಷ್ಯ, ಅದೇ ಮೊದಲ ಸಲ ಕೂತದ್ದು. ಎದುರಿಗೆ ಅವನವ್ವನ ಮುಖ, ಕೆಳಗೆ ಏರುವ ಪರ್ಸೆಂಟು. ಮೂವತ್ತಕ್ಕೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅಮರಪ್ಪ ಅವನ ಬೆನ್ನ ಮೇಲೆ ಕೈ ಇಟ್ಟರು. ಅರವತ್ತರ ಹೊತ್ತಿಗೆ ಕಣ್ಣು ಒರೆಸಿಕೊಂಡು ಪರದೆಯನ್ನು ದಿಟ್ಟಿಸಿ ನೋಡಿದ.

“ಅಕ್ಕಾರ, ಹೆಗಲ ಮ್ಯಾಲ ಒಂದು ಕೈ ಇತ್ತಲ್ರಿ?”

“ಇತ್ತು. ಯಾರದೋ ಅಂತ ತಗದೀನಿ.”

“ನಂದ ರಿ ಅದು.”

ಅನುಸೂಯಾ ತಡಮಾಡಲಿಲ್ಲ, ‘ಮುಟ್ಟಬೇಡಿ’ ಎಂಬುದರ ಮೇಲೆಯೇ ಮುಟ್ಟಿದಳು. ಅಳಿಸಿರಲಿಲ್ಲ, ಮರೆ ಮಾಡಿದ್ದಳಷ್ಟೇ. ಸೀರೆಯ ಬಣ್ಣ ಸರಿಸಿದಳು, ಕೈ ಹಿಂದಿರುಗಿ ಬಂದು ಮುದುಕಿಯ ಹೆಗಲ ಮೇಲೆ ಕೂತಿತು. ತೋಳಿಲ್ಲದ, ಮಣಿಕಟ್ಟಿನವರೆಗಿನ ಕಪ್ಪು ಕೈ. ಡಿಸೈನಿನ ಯಾವ ನಿಯಮಕ್ಕೂ ಒಪ್ಪುವಂಥದಲ್ಲ. “ಇರ್ಲೇನು ಹಿಂಗ?” ಎಂದು ಕೇಳಿದಳು. ಹನಮೇಶ ತಲೆ ಆಡಿಸಿದ. ಎರಡು ಗಂಟೆಗೆ ಫೈಲ್ ಚಾಂದಸಾಬನಿಗೆ ಹೋಯಿತು. ಹೋಗುವಾಗ ಹನಮೇಶ ಬಾಗಿಲಲ್ಲಿ ನಿಂತು ಎರಡೂ ಕೈ ಮುಗಿದು, “ಭಾಳ ತ್ರಾಸ ತಗೊಂಡ್ರಿ” ಅಂದ.

ಅಂಗಡಿಯಲ್ಲಿ ಸಣ್ಣಪ್ಪನ ಗೊರಕೆ ಮಾತ್ರ ಉಳಿಯಿತು. ಅಮರಪ್ಪ ಎದ್ದು ಬಂದು ಕುರ್ಚಿಯ ಪಕ್ಕ ನಿಂತರು.

“ನಮ್ಮ ಪೆಟ್ಟಿಗಿ ಯಾವಾಗ ಮುಗದಿತ್ತು?”

“ನಿನ್ನೆ ರಿ ಕಾಕಾರ.”

“ಎಷ್ಟೊತ್ತು ಹಿಡೀತು?”

“ಒಂದು ತಾಸು ರಿ. ಹಣ್ಣಿನ ಕಾಳು ಸಂಬಂಧ. ಇಲ್ಲಂದ್ರ ಅರ್ಧ ತಾಸಿನ ಕೆಲಸ.” ಇನ್ನು ಮುಚ್ಚಿಡುವುದು ಏನಿತ್ತು? “ಹೋಗ್ರಿ, ಗಂಗಾವತಿಗೆ ಕೊಡ್ರಿ. ನಾ ತಪ್ಪು ಮಾಡೀನಿ.”

ಅಮರಪ್ಪ ಮಲಗಿದ್ದ ಸಣ್ಣಪ್ಪನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ನಾಳೆ ಕಮಿಟಿಯವರು ಏಳು ಮಂದಿ ಬರ್ತಾರ. ಮುಂಜಾನಿನ ಬಂದು ಕುಂದ್ರತಾರ. ಅವರಿಗೆ ಎರಡು ತಾಸು ಸಾಲೂದಿಲ್ಲ. ನಾಲ್ಕು ಇಡು.”

ಅನುಸೂಯಾ ಬೆರಗಾಗಿ ಅವರನ್ನೇ ನೋಡಿದಳು. “ಕೆಲಸ ನನಗ ಬಂತೇನ್ರಿ?”

“ಬಂತು. ನಾಲ್ಕು ತಾಸು ಹ್ಯಾಂಗ್ ಆದ್ರ ಬಂತು.”

“ಕಾಕಾರ, ನಿಮಗ ಎಲ್ಲಾ ಗೊತ್ತಾತಲ್ರಿ. ಮತ್ತ್ಯಾಕ ಈ ನಾಟಕ? ಅವರಿಗೂ ಇದ್ದದ್ದು ಇದ್ದಂಗ ಹೇಳಿಬಿಡೂಣು.”

“ನನಗ ಗೊತ್ತಾತವಾ. ಕಮಿಟಿಗೆ ಗೊತ್ತಾಗಬೇಕಂದ್ರ ಠರಾವು ಆಗ್ಬೇಕು. ಇಷ್ಟು ದಿನ ನಾವೆಲ್ಲಾ ದಡ್ಡರಾಗಿ ಕುಂತಿದ್ವಿ ಅಂತ ಠರಾವಿನಾಗ ಬರದು, ಏಳೂ ಮಂದಿ ಸಹಿ ಮಾಡಬೇಕು. ಮಾಡ್ತಾರೇನು?”

ಮಾಡುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಅಮರಪ್ಪ ಟವೆಲು ಕೊಡವಿಕೊಂಡು ಸಣ್ಣಪ್ಪನನ್ನು ಎಬ್ಬಿಸಿದರು, ಸಣ್ಣಪ್ಪ “ಹೌದ್ರಿ” ಎಂದು ಎದ್ದ. ಅವರು ಮೆಟ್ಟಿಲಿಳಿದ ಮೇಲೆ ಅನುಸೂಯಾ ಕೀಬೋರ್ಡನ್ನು ಹತ್ತಿರ ಎಳೆದುಕೊಂಡು ಎರಡು ತಾಸನ್ನು ನಾಲ್ಕು ಮಾಡಿದಳು.